ನಾನು ವಾದದಲ್ಲಿ ಗೆದ್ದ ಸ್ಕೂಟಿ

ಹೆಂಡತಿಯೊಡನೆ ವಾದಕ್ಕೆ ನಿಂತು ಗೆದ್ದ ಗಂಡಸು ಉಮರ್ಗಾ ತಾಲೂಕಿನಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬನೇ. ಇದನ್ನು ಜಂಭಕ್ಕೆ ಹೇಳುತ್ತಿಲ್ಲ, ದೂರು ಕೊಡುತ್ತಿದ್ದೇನೆ. ಸೋತ ಗಂಡಸರಿಗೇನು ಕಷ್ಟ? ಸೋಲುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಗೆದ್ದವನ ಗತಿ ಏನಾಗುತ್ತದೆ ಎಂಬುದನ್ನು ಈವರೆಗೆ ಯಾರೂ ಬರೆದಿಲ್ಲ. ಬರೆಯುವುದಕ್ಕೆ ಗೆದ್ದವರು ಇರಬೇಕಲ್ಲ!

ನನ್ನ ಹೆಸರು ವೈಜನಾಥ. ಹೆದ್ದಾರಿಯ ಮಗ್ಗುಲಲ್ಲಿ ಕಿರಾಣಿ ಅಂಗಡಿ. ಓದಿದ್ದು ಮರಾಠಿ ಶಾಲೆಯಲ್ಲಿ ದಹಾವಿ, ಎಂದರೆ ಹತ್ತನೆಯ ತರಗತಿಯವರೆಗೆ. ಮನೆಯಲ್ಲಿ ಆಡುವ ಕನ್ನಡಕ್ಕೆ ಅಕ್ಷರಗಳೂ ಇವೆ ಎಂದು ಗೊತ್ತಾದದ್ದು ಗಡಿಯಾಚೆಯ ಕರ್ನಾಟಕದಿಂದ ಸಾಮಾನು ಸುತ್ತಿಕೊಂಡು ಬರುತ್ತಿದ್ದ ಹಳೆಯ ಪತ್ರಿಕೆಗಳಿಂದ. ಬೇಳೆ ಕಟ್ಟುತ್ತ ಕಟ್ಟುತ್ತ ಓದಲು ಕಲಿತೆ, ಓದುತ್ತ ಓದುತ್ತ ಸಿಟ್ಟಿಗೇಳಲು ಕಲಿತೆ. ಈಗ ಆಚೆಯ ಒಂದು ವಾರಪತ್ರಿಕೆಗೆ ಅಂಕಣ ಬರೆಯುತ್ತೇನೆ. ಬಸ್ ನಿಲ್ದಾಣಗಳಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲವೆಂದು ಸಿಟ್ಟು. ಇದ್ದ ಕಡೆ ಬೀಗ ಹಾಕಿದ್ದಾರೆಂದು ಸಿಟ್ಟು. ಬೀಗ ತೆಗೆದ ಕಡೆ ನೀರಿಲ್ಲವೆಂದು ಸಿಟ್ಟು. (ಸಂಪಾದಕರು ನನ್ನ ಅಂಕಣವನ್ನು ಅಡಿಗೆ ಸಲಹೆಗಳ ಪಕ್ಕದಲ್ಲಿ ಹಾಕುತ್ತಾರೆ. ಅದಕ್ಕೂ ಸಿಟ್ಟು.)

ಹೋದ ದೀಪಾವಳಿಯ ಹೊತ್ತಿಗೆ ಉದಗೀರದಲ್ಲಿ ರದ್ದಿ ಅಂಗಡಿಯೊಂದರ ಮುಂದೆ ಎರಡು ಪುಸ್ತಕ ಸಿಕ್ಕವು. ರಟ್ಟು ಹರಿದು ಹೋಗಿತ್ತು, ಬರೆದವರು ಯಾರೋ ತಿಳಿಯದು. ಒಂದು ಅಲಂಕಾರಗಳದ್ದು, ಇನ್ನೊಂದು ತರ್ಕದೋಷಗಳದ್ದು. ಓದಿದೆ. ಕಣ್ಣು ತೆರೆಯಿತು. ನಮ್ಮನ್ನು ಆಳುವವರಿಗೆ ಬಡಿಗೆ ಬೇಕಾಗಿಲ್ಲ, ಒಂದು ಕೆಟ್ಟ ತರ್ಕ ಸಾಕು! 'ರಸ್ತೆ ಯಾಕೆ ಮಾಡಿಲ್ಲ?' ಎಂದು ಕೇಳಿದರೆ 'ನಿಮ್ಮಪ್ಪನ ಕಾಲದಲ್ಲಿ ರಸ್ತೆ ಇತ್ತೇನು?' ಎನ್ನುತ್ತಾರೆ. 'ನಳಕ್ಕೆ ನೀರು ಬರುತ್ತಿಲ್ಲ' ಎಂದರೆ 'ಇವನಿಗೆ ಊರಿನ ಮೇಲೆ ಅಭಿಮಾನವಿಲ್ಲ' ಎನ್ನುತ್ತಾರೆ. ನಾವು ನಳವನ್ನು ಬಿಟ್ಟು ಅಭಿಮಾನವನ್ನು ಸಾಬೀತು ಮಾಡಲು ಕೂಡುತ್ತೇವೆ. ಕೊಡ ಖಾಲಿಯೇ ಇರುತ್ತದೆ.

ಒಂದೊಂದು ದೋಷಕ್ಕೂ ಹೆಸರಿಟ್ಟು ಬರೆಯತೊಡಗಿದೆ. ಆಸಾಮಿಯನ್ನು ಬೈದು ವಿಷಯವನ್ನು ತಪ್ಪಿಸುವುದು ವ್ಯಕ್ತಿದೂಷಣೆ. ಎದುರಾಳಿ ಹೇಳದಿದ್ದನ್ನು ಅವನ ಬಾಯಿಗೆ ತುರುಕಿ ಅದನ್ನು ಹೊಡೆಯುವುದು ಬೆದರುಬೊಂಬೆ ವಾದ. ಹತ್ತು ಮಂದಿ ಒಪ್ಪಿದ್ದಾರೆ, ಆದ್ದರಿಂದ ಸರಿ ಎನ್ನುವುದು ಗುಂಪುವಾದ. ಓದುಗರು ಪತ್ರ ಬರೆದರು. ನಾನು ಉಬ್ಬಿದೆ. ಉಬ್ಬಿದವನು ಮನೆಗೆ ಹೋದೆ. ಅಲ್ಲೇ ಎಡವಟ್ಟಾದದ್ದು.

ಮನೆಯಲ್ಲಿ ನನ್ನ ಧರ್ಮಪತ್ನಿ ಶಿವಗಂಗಾಬಾಯಿ ಇದ್ದಾಳೆ. ಅಂಗಳದಲ್ಲಿ, ತಾಡಪತ್ರಿಯ ಕೆಳಗೆ, ಸ್ಕೂಟಿ ಇದೆ. ಮಗಳು ಪ್ರಾಜಕ್ತಾಗೆಂದು ಕೊಂಡದ್ದು. ಅವಳು ಈಗ ಲಾತೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಸುಮ್ಮನೆ ನಿಂತ ಗಾಡಿಯನ್ನು ಅಣ್ಣನ ಮಗ ಸಂಜುಕುಮಾರನಿಗೆ ಕೊಟ್ಟುಬಿಡುತ್ತೇನೆಂದು ಮಾತು ಕೊಟ್ಟೆ. ಸಂಕ್ರಾಂತಿ ಮುಗಿದ ಮೇಲೆ ಬಂದು ಒಯ್ಯುತ್ತೇನೆಂದು ಅವನೂ ಹೇಳಿದ.

ಅಂದು ಶಿವಗಂಗಾ ರೊಟ್ಟಿ ಬಡಿಯುತ್ತಿದ್ದಳು.

"ರೀ, ಆ ಗಾಡಿ ಸಂಜುಗ ಕೊಡಬ್ಯಾಡ್ರಿ. ನಾ ಹೊಡೀತೀನಿ."

"ನೀನಾ?"

"ಯಾಕ? ಮಂದಿ ನನ್ನ ಕುಬಸಕ್ಕ ಕರೀತಾರ, ತೊಟ್ಟಿಲಕ್ಕ ಕರೀತಾರ. ಪ್ರತಿ ಸಲ ನೀವು ಅಂಗಡಿ ಮುಚ್ಚೂತನ ಕಾಯಬೇಕು. ನಾ ಹೋಗಿ ಮುಟ್ಟೂದ್ರಾಗ ತೊಟ್ಟಿಲಾಗಿನ ಕೂಸು ಎದ್ದು ಸಾಲಿಗಿ ಹೋಗಿರ್ತದ."

"ಇದು ಅತಿಶಯೋಕ್ತಿ," ಎಂದೆ.

"ಏನರೆ ಇರ್ಲಿ. ಬಾಜೂಮನಿ ಮೀನಲ ಹೊಡೀತಾಳ, ನರ್ಸಬಾಯಿ ಹೊಡೀತಾಳ, ಬ್ಯಾಂಕಿನ ಮೇಡಂ ಹೊಡೀತಾಳ..."

"ಗುಂಪುವಾದ. ಹತ್ತು ಮಂದಿ ಹೊಡದ್ರಂತ ಹನ್ನೊಂದನೇದಾಕಿ ಹೊಡೀಬೇಕಂತ ಸಿದ್ಧ ಆಗಂಗಿಲ್ಲ."

"ಮನ್ಯಾಗ ಕೂತು ಕೂತು ಜೀವ ಬ್ಯಾಸರಾಗ್ಯದ್ರಿ."

"ಇದು ಕಣ್ಣೀರ ವಾದ. ಕರುಣಾ ಬ್ಯಾರೆ, ಕಾರಣ ಬ್ಯಾರೆ."

ಆಕೆ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟಳು. "ನೀವೇ ನಿಮ್ಮ ಪೇಪರದಾಗ ಬರದೀರಲ್ಲ, ಹೆಣ್ಣಮಕ್ಕಳ ಕೈಯಾಗ ಗಾಡಿ ಬಂದ್ರ ಮನಿ ಮುಂದ ಬರ್ತದಂತ? ನಾ ಓದೀನಿ!"

"ವ್ಯಕ್ತಿದೂಷಣೆ!" ಎಂದು ನಾನು ಬೆರಳೆತ್ತಿದೆ. "ಬರದಾಂವ ಏನು ಮಾಡ್ತಾನನ್ನೂದು ಬರದದ್ದಕ್ಕ ಸಂಬಂಧಿಲ್ಲ."

"ಹಂಗಾದ್ರ ನಿಮ್ಮ ಕಾರಣರೆ ಹೇಳ್ರಿ. ಯಾಕ ಬ್ಯಾಡ?"

"ಇವತ್ತ ತಂಗಿ ಊರು ಕಾಸಾರಶಿರಸಿ ಅಂತಿ. ನಾಳಿ ನಿಲಂಗಾ. ನಾಡದು ಉದಗೀರ. ಆಮ್ಯಾಗ ಹೈವೇ ಹಿಡದು ಒಮ್ಮಿ ಹೈದರಾಬಾದ, ಒಮ್ಮಿ ಪುಣೆ. ಇಲ್ಲಿ ನಾ ಚಹಾ ಯಾರ ಕೈಲಿ ಕುಡೀಲಿ?"

(ಒಂದು ಹೆಜ್ಜೆ ಇಟ್ಟರೆ ಪಾತಾಳಕ್ಕೇ ಬೀಳುತ್ತಾರೆಂದು ಹೆದರಿಸುವ ಇದಕ್ಕೆ ಜಾರುಬಂಡಿ ವಾದವೆಂದು ಹೆಸರಿಟ್ಟು, ಹಿಂದಿನ ವಾರವಷ್ಟೇ ಒಬ್ಬ ಪುಢಾರಿಯ ಚರ್ಮ ಸುಲಿದಿದ್ದೆ. ಆದರೆ ಅದು ಪುಢಾರಿಗಳಿಗೆ ಅನ್ವಯಿಸುವ ದೋಷ. ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತವರಿಗೆ ಅದು ಅನ್ವಯಿಸುತ್ತದೆಂದು ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ.)

ಶಿವಗಂಗಾ ಹಿಟ್ಟಿನ ಕೈ ಕೊಡವಿದಳು. ಆಮೇಲೆ ರೊಟ್ಟಿಯನ್ನು ಹಂಚಿಗೆ ಹಾಕಿ, "ಆಯ್ತ ಬಿಡ್ರಿ, ನೀವೇ ಗೆದ್ರಿ," ಎಂದಳು.

ನಾನು ಹೆದರಬೇಕಾದದ್ದು ಆ ಕ್ಷಣದಲ್ಲಿ. ಬದಲಿಗೆ ಇನ್ನೊಂದು ರೊಟ್ಟಿ ಕೇಳಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ, ಸಂಕ್ರಾಂತಿಯ ಹಳದಿ-ಕುಂಕುಮದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು 'ಹೆಸರು ಹೇಳು, ಒಳಗ ಬಾ' ಎನ್ನುತ್ತಾರೆ. ಆಗ ಪ್ರಾಸ ಕಟ್ಟಿ, ಪದ್ಯದ ನಡುವೆ ಹೂವಿನಂತೆ ಗಂಡನ ಹೆಸರನ್ನು ಪೋಣಿಸಬೇಕು. ಇದಕ್ಕೆ ಉಖಾಣೆ ಎನ್ನುತ್ತಾರೆ. ಕೆಲವರು ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ, ಗಾಬರಿಯಾದವರು ಎರಡರಲ್ಲೂ ಹೇಳುತ್ತಾರೆ. ಈ ವಿದ್ಯೆಯಲ್ಲಿ ನಮ್ಮಾಕೆ ಸಾಮ್ರಾಜ್ಞಿ. ನಿಲಂಗಾದಿಂದ ಉದಗೀರದವರೆಗಿನ ಪ್ರತಿಯೊಬ್ಬ ಮದುಮಗಳೂ 'ಕಾಕೂ, ನಂಗೊಂದು ಕಟ್ಟಿ ಕೊಡ್ರಿ' ಎಂದು ಫೋನು ಮಾಡುತ್ತಾಳೆ. ಒಗ್ಗರಣೆ ಚಟಪಟ ಎನ್ನುವುದರೊಳಗೆ ಆಕೆಗೆ ಪದ್ಯ ಸಿದ್ಧ. ನಾನು ಮಾತ್ರ ಇದನ್ನು ಹೆಂಗಸರ ಆಟವೆಂದು ಬಗೆದಿದ್ದೆ. ಅಲಂಕಾರಶಾಸ್ತ್ರ ಓದಿದವನಿಗೆ ಅಡಿಗೆಮನೆಯ ಪ್ರಾಸ ಕಿವಿಗೆ ಬೀಳುತ್ತದೆಯೇ?

ನಮ್ಮ ಮನೆಯ ಹಳದಿ-ಕುಂಕುಮದ ದಿನ ಗಂಡಸರಿಗೆ ಪ್ರವೇಶವಿಲ್ಲ. ಮರೆತ ಚಷ್ಮಾ ಒಯ್ಯಲು ನಾನು ಅಂಗಡಿಯಿಂದ ಹಿಂದಿನ ಬಾಗಿಲಲ್ಲಿ ಬಂದವನು, ಹೊರಗೆ ಬಳೆಗಳ ಸದ್ದು ಕೇಳಿ ಜೋಳದ ಚೀಲಗಳಿಟ್ಟ ಕೋಣೆಗೆ ನುಗ್ಗಿದೆ. ಅಲ್ಲೇ ಬಂದಿಯಾದೆ. ಬಾಗಿಲ ಸಂದಿಯಿಂದ ಪಡಸಾಲೆ ಕಾಣುತ್ತಿತ್ತು. ಗಲ್ಲಿಯ ಹೆಂಗಸರೆಲ್ಲ ಸೇರಿದ್ದರು. ಎಲ್ಲರಿಗಿಂತ ಮುಂದೆ, ಗೋಡೆಗೆ ಒರಗಿ, ನಮ್ಮ ವೈನಿ ಕೂತಿದ್ದಳು. ಎಂದರೆ ಸಂಜುಕುಮಾರನ ತಾಯಿ. ಆಕೆಗೆ ಶಿವಗಂಗಾ ಎರಡೆರಡು ಸಲ ಎಳ್ಳು-ಬೆಲ್ಲದ ತಿಳಗುಳ ಕೊಟ್ಟದ್ದನ್ನು ಕಂಡೆ. ಪ್ರೀತಿ ಎಂದುಕೊಂಡೆ.

ಮೀನಲ ಮೊದಲು ಶುರು ಮಾಡಿದಳು:

"ಚಹಾದಾಗ ಸಕ್ಕರಿ, ಹಾಲಿನ್ಯಾಗ ಕೇಸರಿ,
ನೀಲೇಶರಾವರ ಹೆಸರು ಹೇಳ್ತೀನಿ, ಬಾಗಲ ಬಿಟ್ಟು ಸರೀರಿ!"

ಚಪ್ಪಾಳೆ. 'ಇನ್ನ ಕಾಕೂಂದು! ಕಾಕೂಂದು!' ಎಂದು ಗದ್ದಲ. ಶಿವಗಂಗಾ ಸೆರಗು ಸರಿಮಾಡಿಕೊಂಡಳು, ನೆಲ ನೋಡಿದಳು, ನವವಧುವಿನಂತೆ ಸ್ವಲ್ಪ ನಾಚಿದಳು (ನಟನೆ!), ಆಮೇಲೆ ದನಿ ಎತ್ತಿದಳು:

"ಸಜ್ಜಿ ರೊಟ್ಟಿಗಿ ಎಳ್ಳು ಹಚ್ಚಿ, ಮ್ಯಾಲ ಬೆಣ್ಣಿ ಮುದ್ದಿ,
ಹೆಂಡತಿ ಕೈಯಾಗ ಗಾಡಿ ಚಾವಿ ಕೊಟ್ಟಂಥ ದೊಡ್ಡ ಬುದ್ಧಿ,
ಊರಿಗೆಲ್ಲ ಬರದು ಹೇಳಾವ್ರು, ಮನ್ಯಾಗ ಮೊದಲ ಮಾಡ್ಯಾರ,
ವೈಜನಾಥರಾವ ನಮ್ಮವರು, ಆಡಿದ್ದು ಮಾಡಿ ತೋರ್ಯಾರ!"

ಪಡಸಾಲೆ ಹಾರಿಬಿತ್ತು. ಜೋಳದ ಚೀಲದ ಮೇಲೆ ನಾನು ಬಿದ್ದೆ.

"ಅಗ ಬಾಯೀ! ಗಾಡಿ ನೀ ಹೊಡೀತೀ?" ಎಂದಳು ವೈನಿ. "ನಮ್ಮ ಸಂಜ್ಯಾ ಒಯ್ತೀನಂತಿದ್ದನಲ್ಲ?"

"ಅದೇ ಸಂಕಟ ಅವರಿಗಿ, ವೈನಿ," ಎಂದಳು ಶಿವಗಂಗಾ, ದನಿಯಲ್ಲಿ ಜೇನು. "ಮಾತು ಕೊಟ್ಟೀನಿ, ಹುಡುಗಗ ಹ್ಯಾಂಗ ಬ್ಯಾಡನ್ಲಿ ಅಂತ ಊಟಾನೇ ಸೇರವಲ್ದು. ಮನಸು ಭಾಳ ನಾಜೂಕ ಅವರದು."

"ಅಯ್ಯ, ಅದಕ್ಕೇನು? ನಾ ಹೇಳ್ತೀನಿ ತಗೋ. ಅಂವಗೂ ದೊಡ್ಡ ಗಾಡೀನೇ ಬೇಕಾಗ್ಯದ, ಸ್ಕೂಟಿ ಮ್ಯಾಲ ಕೂತ್ರ ದೋಸ್ತರು ನಗ್ತಾರಂತ. ಕಾಕಾಗ ಬ್ಯಾಡನ್ಲಾಕ ಅಂಜ್ಯಾನ, ಅಷ್ಟೇ."

ಎರಡು ಸಾಲು ಮಾತಿನಲ್ಲಿ ಸಂಜುಕುಮಾರ ಇತ್ಯರ್ಥವಾದ!

ನಾನು ಕತ್ತಲ ಕೋಣೆಯಲ್ಲಿ ಕೂತು ನನ್ನ ವಿದ್ಯೆಯನ್ನೆಲ್ಲ ಕರೆದೆ. ಇದು ಸುಳ್ಳೇ? ಕೊಟ್ಟಿಲ್ಲದ ಚಾವಿಯನ್ನು ಕೊಟ್ಟರೆಂದು ಹೇಳುವುದು ತರ್ಕದ ಪುಸ್ತಕದ ಪ್ರಕಾರ ಅಸಿದ್ಧವಾದದ್ದನ್ನು ಸಿದ್ಧವೆಂದು ಹಿಡಿಯುವ ಘೋರ ದೋಷ. ಆದರೆ ಅಲಂಕಾರದ ಪುಸ್ತಕದ ಪ್ರಕಾರ, ಮುಂದೆ ಆಗಲಿರುವುದನ್ನು ಈಗಲೇ ಕಣ್ಣೆದುರು ಆದಂತೆ ಹೇಳುವುದಕ್ಕೆ ಭಾವಿಕಾಲಂಕಾರವೆಂದು ಹೆಸರು. ಮಹಾಕವಿಗಳಿಗೆ ಮಾತ್ರ ಒಲಿಯುವುದಂತೆ. ಒಂದು ಪುಸ್ತಕದಲ್ಲಿ ಅಪರಾಧ, ಇನ್ನೊಂದರಲ್ಲಿ ಕಿರೀಟ! ನಾನು ಯಾವ ಪುಸ್ತಕ ಹಿಡಿದು ಹೊರಗೆ ಹೋಗಬೇಕು? 'ಎಲ್ಲಾ ಸುಳ್ಳು' ಎಂದು ಕೂಗಿದರೆ ತರ್ಕ ಗೆಲ್ಲುತ್ತದೆ. ಆದರೆ ಗಲ್ಲಿಯ ಹೆಂಗಸರೆಲ್ಲರ ಎದುರು ನಾನು ಯಾರಾಗಿ ನಿಲ್ಲುತ್ತೇನೆ? ಬರೆಯುವುದೊಂದು, ಮಾಡುವುದು ಇನ್ನೊಂದು ಆದವನಾಗಿ. ಅದೂ ಸುಳ್ಳಲ್ಲ ಎಂಬುದು ಎದೆಯಲ್ಲಿ ಜೋಳದ ಕೂಳೆಯಂತೆ ಚುಚ್ಚಿತು. ನಾನು ಆಕೆಗೆ ಹೇಳಿದ ಕಾರಣಗಳಲ್ಲಿ ನಿಜವಾದ ಕಾರಣ ಒಂದೂ ಇರಲಿಲ್ಲ. ಆಕೆ ನನಗಾಗಿ ಕಾಯುವುದು ನನಗೆ ರೂಢಿಯಾಗಿತ್ತು, ಅಷ್ಟೇ.

ಈ ಉನ್ನತ ಆತ್ಮವಿಮರ್ಶೆಯ ನಡುವೆ ಚೀಲದ ಧೂಳು ಮೂಗಿಗೆ ಹೋಗಿ ಸೀನು ಬಂತು.

"ಯಾರದು?" ಎಂದು ಮೀನಲ ಬಾಗಿಲು ತೆರೆದಳು. ಮೈತುಂಬ ಹೊಟ್ಟು ಮೆತ್ತಿಕೊಂಡ ನಾನು ಪ್ರತ್ಯಕ್ಷನಾದೆ. ಪಡಸಾಲೆ ತುಂಬ ಚಪ್ಪಾಳೆ.

"ವಾ ಕಾಕಾ, ವಾ!"

"ಗಂಡ ಇದ್ರ ಹಿಂಗಿರಬೇಕು ನೋಡ್ರಿ!"

ಆ ಮುಖಗಳನ್ನು ನೋಡಿದೆ. ಅವರಲ್ಲಿ ಬಹಳ ಮಂದಿ ಗಂಡನ ಗಾಡಿಯ ಹಿಂದೆಯೋ ಮಗನ ಗಾಡಿಯ ಹಿಂದೆಯೋ ಕೂತು ಬಂದವರು. ತಿರುಗಿ ಹೋಗಲು ಯಾರು ಬರುತ್ತಾರೋ ಎಂದು ಆಗಾಗ ಬೀದಿಯ ಕಡೆ ನೋಡುತ್ತಿದ್ದರು. ಮೂಲೆಯಲ್ಲಿದ್ದ ಒಬ್ಬಾಕೆ ಮೆಲ್ಲಗೆ, "ನಮ್ಮವರಿಗೂ ಒಂದೀಟು ಹೇಳ್ರಲ್ಲ, ಅಣ್ಣಾರ," ಎಂದಳು.

ಆ ಮಾತಿಗೆ ಯಾವ ದೋಷದ ಹೆಸರು ಹಚ್ಚಲಿ? ಮೈಮೇಲಿನ ಹೊಟ್ಟು ಕೊಡವಿ ಭಾಷಣ ಶುರುಮಾಡಿದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. 'ಈ ವಿಚಾರ ನನಗ ಭಾಳ ದಿನದಿಂದ ಇತ್ತು' ಎಂದದ್ದು ನೆನಪಿದೆ. (ಆಗ ಶಿವಗಂಗಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದೂ ನೆನಪಿದೆ.)

"ಇನ್ನೊಂದು, ಇನ್ನೊಂದು ಹೇಳ್ರಿ ಕಾಕೂ, ಈಗ ಅವರೆದರೇ!" ಎಂದು ಹೆಂಗಸರು ಪಟ್ಟು ಹಿಡಿದರು. ಆಕೆ ತಡಮಾಡಲೇ ಇಲ್ಲ:

"ಗಂಗಾಳ ತುಂಬ ತಿಳಗುಳ, ಬಟ್ಟಲ ತುಂಬ ಹಳದಿ,
ನಾಳಿ ಮುಂಜಾನಿ ಮೈದಾನದಾಗ ಕಲಿಸ್ತಾರ ನಂಗ ಜಲ್ದಿ,
ಹಿಂದಿನ ಸೀಟಿಗಿ ಕೂಡತಾರ, ಒಂದೀಟೂ ಇಲ್ಲ ನಾಚಿಕಿ,
ವೈಜನಾಥರಾವರ ಹೆಸರು ಹೇಳೀನಿ, ಎಲ್ಲಾರೂ ಕೊಡ್ರಿ ಶಾಬಾಸಕಿ!"

ಶಾಬಾಸಕಿ ಕೊಟ್ಟರು. ನಾನೇ ಒಳಗೆ ಹೋಗಿ ಮೊಳೆಯ ಮೇಲಿನ ಚಾವಿ ತಂದು, ಎಲ್ಲರೆದುರು ಆಕೆಯ ಕೈಗಿಟ್ಟೆ.

ಮರುದಿನ ಮುಂಜಾನೆ ಮೈದಾನಕ್ಕೆ ಹೋದಾಗ ಹಿಂದಿನ ದಿನದ ಅರ್ಧ ಸಭೆ ಅಲ್ಲಿಯೇ ಸೇರಿತ್ತು. ಸಂಜುಕುಮಾರ 'ಕಾಕಾ, ಗಾಡಿ ಕಾಕೂನೇ ಇಟ್ಕೋಲಿ' ಎಂದು ಬೆಳಿಗ್ಗೆಯೇ ಫೋನು ಮಾಡಿದ್ದ. ದನಿಯಲ್ಲಿ ಬಿಡುಗಡೆಯ ಆನಂದವಿತ್ತು. ನಾನು ಗುರುವಿನ ಗಾಂಭೀರ್ಯದಿಂದ ಹಿಂದಿನ ಸೀಟಿನಲ್ಲಿ ಕೂತು ಪಾಠ ಆರಂಭಿಸಿದೆ.

"ಇದು ಬ್ರೇಕ್. ಇದು ಒತ್ತಿದ್ರ ಗಾಡಿ ನಿಲ್ತದ."

"ಹೌದೇನ್ರಿ?"

"ಇದು ತಿರುವಿದ್ರ ಓಡ್ತದ. ಹಗೂರಕ ತಿರುವಬೇಕು. ಗಾಡಿ ಅಂದ್ರ ಎಳಿಗರು ಇದ್ದಂಗ."

"ಉಪಮಾಲಂಕಾರ," ಎಂದಳು ಭಕ್ತಿಯಿಂದ. "ಹೋಗಲೇನ್ರಿ?"

"ಅಂಜಬ್ಯಾಡ. ನಾ ಹಿಂದಿದ್ದೀನಿ."

ಗಾಡಿ ಎಣ್ಣೆ ಹರಿದಂತೆ ಹೊರಟಿತು. ಮೈದಾನದ ತುಂಬ ಒಂದು ಸುತ್ತು. ಆಡುಗಳ ಹಿಂಡು ಬಂತು. ಎರಡು ಸಲ ಹಾರ್ನ್, ಸ್ವಲ್ಪ ಬ್ರೇಕ್, ಎಡಕ್ಕೆ ದೀಪ ಹಾಕಿ ತಿರುವು. ಗೇಟು ದಾಟಿ ರಸ್ತೆಗೆ ಇಳಿದಾಗ ಆಕೆ ಕನ್ನಡಿಯಲ್ಲಿ ಹಿಂದಿನ ಟೆಂಪೋವನ್ನು ನೋಡಿ ದಾರಿ ಬಿಟ್ಟಳು. ಕನ್ನಡಿ ನೋಡುವ ಪಾಠವನ್ನು ನಾನಿನ್ನೂ ಮಾಡಿರಲಿಲ್ಲ.

"ಏ... ಯಾವಾಗ ಕಲ್ತಿ?"

"ಪ್ರಾಜಕ್ತಾ ಕಲಿಸ್ಯಾಳ, ಇಲ್ಲಿದ್ದಾಗೇ. ನೀವು ಅಂಗಡ್ಯಾಗ ಇರ್ತಿದ್ರಿ. ಲೈಸನ್ಸೂ ಆಕಿ ಜೋಡೀನೇ ಮಾಡ್ಸೀನಿ."

"ಹಂಗಾದ್ರ ನಾ ಕಲಿಸ್ತೀನಂತ ಎಲ್ಲಾರ ಮುಂದ ಯಾಕ ಹೇಳಿದಿ?"

"ನಿಮಗೂ ಒಂದು ಪಾಲು ಇರ್ಲಂತ," ಎಂದಳು, ಗಾಡಿಯನ್ನು ಗುಂಡಿಯಿಂದ ತಪ್ಪಿಸುತ್ತ. "ಬರೇ ಚಾವಿ ಕೊಟ್ಟಾಂವ ನಾಳಿ ತಿರುಗಿ ಕೇಳ್ತಾನ. ಕಲಿಸಿದಾಂವ ಕೇಳಂಗಿಲ್ಲ."

ಓದುಗರೇ, ನಾನು ಎಷ್ಟೋ ಪುಢಾರಿಗಳ ಭಾಷಣ ಕೇಳಿ ಬಿಡಿಸಿ ಇಟ್ಟವನು. ಎದುರಾಳಿಯನ್ನು ಸೋಲಿಸುವವರನ್ನು ಕಂಡಿದ್ದೇನೆ. ಎದುರಾಳಿಗೆ ಗೆಲುವನ್ನೂ ಕೊಟ್ಟು, ಹಾರವನ್ನೂ ಹಾಕಿ, ತನಗೆ ಬೇಕಾದದ್ದನ್ನು ಒಯ್ಯುವವರನ್ನು ಕಂಡದ್ದು ಆ ಮುಂಜಾನೆ, ಆಕೆಯ ಬೆನ್ನ ಹಿಂದೆ ಕೂತು. ಸಿಟ್ಟು ಬರಬೇಕಾಗಿತ್ತು. ಮೆಚ್ಚುಗೆ ಬಂತು. ನನಗೆ ಅಭ್ಯಾಸವಿಲ್ಲದ ಭಾವ, ಮೈಗೆಲ್ಲ ಕಡಿದಂತಾಯಿತು.

ಮುಂದಿನ ವಾರವೇ ಆಕೆಯ ತಂಗಿ ದ್ರೌಪದಿಯ ಮಗಳ ಕುಬಸ, ಕಾಸಾರಶಿರಸಿಯಲ್ಲಿ. ಸ್ಕೂಟಿಯ ಮೇಲೆ ಹೋದೆವು. ಆಕೆ ಮುಂದೆ, ನಾನು ಹಿಂದೆ, ಮಡಿಲಲ್ಲಿ ಸೀರೆಯ ಗಂಟು. ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ದ್ರೌಪದಿಯ ಅತ್ತೆ ಚಂಪಾಬಾಯಿ, ಮುದುಕಿ, ಬಾಗಿಲಿಗೆ ಅಡ್ಡ ಕೈ ಹಾಕಿ ನಿಂತಿದ್ದಳು. ಹಿಂದೆ ಹೆಂಗಸರ ದಂಡು. ಶಿವಗಂಗಾ ಒಂದೇ ಉಸಿರಿಗೆ ನನ್ನ ಹೆಸರು ಹೇಳಿ ಒಳಗೆ ಹೋದಳು. ನಾನು ಹಿಂದೆಯೇ ಕಾಲಿಟ್ಟರೆ ಕೈ ಮತ್ತೆ ಅಡ್ಡ ಬಂತು.

"ನಿಲ್ಲೋ ಅಳಿಯಾ. ಹಿಂದ ಕೂತು ಬಂದಾಂವ ನೀ. ಇವತ್ತ ನೀನೂ ಹೆಂಡತಿ ಹೆಸರು ಹೇಳು."

ಉಪಮೆ, ರೂಪಕ, ದೃಷ್ಟಾಂತ, ಅರ್ಥಾಂತರನ್ಯಾಸ, ಎಲ್ಲದರ ಲಕ್ಷಣವೂ ನಾಲಿಗೆಯ ತುದಿಯಲ್ಲಿ ಬಂದು ನಿಂತವು. ಸಾಲು ಮಾತ್ರ ಒಂದೂ ಬರಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲಿದ್ದದ್ದು ಹೊರಗೆ ಬಿದ್ದುಬಿಟ್ಟಿತು:

"ಶಿವಗಂಗಾ, ತಿರುವಿನ್ಯಾಗ ಟ್ರಕ್ ಬರ್ತಾವ, ಹಾರ್ನ್ ಹೊಡಿ, ಸಾವಕಾಶ ಹೋಗು."

ಒಂದು ಕ್ಷಣ ಎಲ್ಲರೂ ಪ್ರಾಸಕ್ಕಾಗಿ ಕಾದರು. ಬರಲಿಲ್ಲ.

"ಇದೇನೋ ಇದು?" ಎಂದಳು ಚಂಪಾಬಾಯಿ. "ಉಖಾಣೇನು, ರಸ್ತಾದ ಬಾಜೂಕಿನ ಬೋರ್ಡೇನು?"

ನಕ್ಕ ನಗೆಗೆ ಬಸುರಿ ಹುಡುಗಿಯೇ ಹೊಟ್ಟೆ ಹಿಡಿದು ಕೂತಳು. ಒಳಗಿನಿಂದ ಶಿವಗಂಗಾ ಕೂಗಿದಳು: "ಬಿಡ್ರಿ ಒಳಗ, ಅತ್ತಿ. ಇದ್ದದ್ದು ಇದ್ದಂಗ ಹೇಳೂದೂ ಒಂದು ಅಲಂಕಾರನೇ. ಸ್ವಭಾವೋಕ್ತಿ ಅಂತಾರ."

ಆಕೆಯ ದಯೆಯಿಂದ ಒಳಗೆ ಹೋದೆ, ಆಕೆಯ ದಯೆಯಿಂದ ಉಂಡೆ. ಹೊರಡುವ ಹೊತ್ತಿಗೆ ನೋಡಿದರೆ ಚಂಪಾಬಾಯಿ ಕೈಚೀಲ ಹಿಡಿದು ಸ್ಕೂಟಿಯ ಹಿಂದಿನ ಸೀಟಿನ ಮೇಲೆ ಕೂತಿದ್ದಾಳೆ. ಉಮರ್ಗಾದಲ್ಲಿರುವ ಮಗಳನ್ನು ನೋಡಿ ಬಹಳ ದಿನವಾಯಿತಂತೆ. ಮಗನನ್ನು ಕೇಳಿದರೆ ನಾಳೆ, ನಾಡಿದ್ದು ಎನ್ನುತ್ತಾನಂತೆ.

"ಮತ್ತ ನಾನು?" ಎಂದೆ.

"ಬಸ್ ಅದ ಅಲ್ರಿ," ಎಂದಳು ಶಿವಗಂಗಾ, ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತ. "ಸೀಟು ಒಂದೇ ಅದ. ಯಾರಿಗಿ ಕೊಡ್ಲಿ, ನೀವೇ ವಿಚಾರ ಮಾಡಿ ಹೇಳ್ರಿ."

ವಿಚಾರ ಮಾಡಿದೆ. ಬಸ್ಸಿಗೆ ಹೋದೆ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೋಳಿಗೆಗಳ ನಡುವೆ ಒಂದು ಕಂಬ ಹಿಡಿದು ಜೋತಾಡುತ್ತಿರುವಾಗ ಬಲಕ್ಕೆ ಹಾರ್ನ್ ಕೇಳಿಸಿತು. ಸ್ಕೂಟಿ ಬಸ್ಸನ್ನು ದಾಟಿ ಹೋಗುತ್ತಿತ್ತು. ಚಂಪಾಬಾಯಿಯ ಸೆರಗು ಬಾವುಟದಂತೆ ಹಾರುತ್ತಿತ್ತು. ನನ್ನನ್ನು ಗುರುತಿಸಿ ಕೈಬೀಸಿದಳು. ಶಿವಗಂಗಾ ತಿರುಗಿ ನೋಡಲಿಲ್ಲ, ಮುಂದೆ ತಿರುವಿತ್ತು.

ಪಕ್ಕದಲ್ಲಿ ನಿಂತ ತಲೆಗೆ ಪಟಕಾ ಸುತ್ತಿದ ಯಜಮಾನ ಬಾಗಿ ನೋಡಿ, "ಯಾರ ಮನಿ ಹೆಣಮಗಳೋ ಏನೋ, ಭಾಳ ಸೊಗಸ ಹೊಡೀತಾಳ," ಎಂದ.

ನಾನು ಎದೆ ಉಬ್ಬಿಸಿದೆ. "ನಮ್ಮಾಕಿರಿ. ಗಾಡಿ ನಾನೇ ಕಲಿಸೀನಿ."

ಆತ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಮತ್ತ ನೀವ್ಯಾಕ ಬಸ್ಸಿನ್ಯಾಗ ನಿಂತೀರಿ?"

ಈ ಪ್ರಶ್ನೆಯಲ್ಲಿ ದೋಷವನ್ನು ಹುಡುಕುತ್ತ ಉಮರ್ಗಾ ಬರುವವರೆಗೂ ಕಂಬ ಹಿಡಿದು ನಿಂತಿದ್ದೆ. ಸಿಗಲಿಲ್ಲ.